ಮೂಲ ಫೈಲ್ ನಿಮ್ಮ ಕೈಯಲ್ಲೇ ಇರಲಿ: ಗಿಂಪ್, ಇಂಕ್‌ಸ್ಕೇಪ್, ಕ್ರಿಟಾ ಬಳಸುವವರಿಗೆ ಫಾರ್ಮ್ಯಾಟ್ ವಿಚಾರ

ಹೋದ ವರ್ಷ ತಿಪಟೂರು ಕಡೆಯವರೊಬ್ಬರು ತುಮಕೂರಿನ ನಮ್ಮ ಡಿಟಿಪಿ ಅಂಗಡಿಗೆ ಬಂದಿದ್ದರು. ಕೊಬ್ಬರಿ ಎಣ್ಣೆ ಗಾಣ ನಡೆಸುತ್ತಾರೆ. ಜೇಬಿನಿಂದ ಹಳೇ ಪೆನ್‌ಡ್ರೈವ್ ತೆಗೆದು, "ಬಾಟ್ಲಿ ಮೇಲಿನ ಲೇಬಲ್ ಇದರಲ್ಲೇ ಐತೆ ಸ್ವಾಮಿ, ಫೋನ್ ನಂಬರ್ ಒಂದು ಬದಲಾಯಿಸಿ ಕೊಡಿ, ಅಷ್ಟೇ" ಅಂದರು. ಐದು ನಿಮಿಷದ ಕೆಲಸ ಅಂತ ನಾನೂ ಒಪ್ಪಿಕೊಂಡೆ. ಎರಡು ದಿನ ಹಿಡಿಯಿತು.

ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಒಂದೇ ಫೈಲ್. ಮಾಡಿಕೊಟ್ಟವರು ಅಂಗಡಿ ಮುಚ್ಚಿ ಊರು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆ ಫೈಲ್ ಸರಿಯಾಗಿ ತೆರೆಯಬೇಕಾದರೆ ಅವರು ಬಳಸಿದ್ದ ಸಾಫ್ಟ್‌ವೇರೇ ಬೇಕು, ಅವರ ಹತ್ತಿರ ಇದ್ದ ಫಾಂಟೇ ಬೇಕು. ನನ್ನ ಹತ್ತಿರ ಎರಡೂ ಇರಲಿಲ್ಲ. ಹೇಗೋ ತೆರೆದಾಗ ತೆಂಗಿನ ಮರ ಬಂತು, ಹಸಿರು ಪಟ್ಟಿ ಬಂತು, ಆದರೆ ಕನ್ನಡ ಇದ್ದ ಕಡೆಯೆಲ್ಲ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು. ಕೊನೆಗೆ ಬಾಟ್ಲಿಯಿಂದ ಲೇಬಲ್ ಬಿಡಿಸಿ, ಸ್ಕ್ಯಾನ್ ಮಾಡಿ, ಅದರ ಮೇಲೆ ಗೆರೆ ಎಳೆದು ಹೊಸದಾಗಿ ಮಾಡಿಕೊಟ್ಟೆ. ಲೇಬಲ್ ಅವರದು. ದುಡ್ಡು ಕೊಟ್ಟು ಮಾಡಿಸಿದವರೂ ಅವರೇ. ಆದರೂ ಅದರಲ್ಲಿ ಒಂದು ನಂಬರ್ ತಿದ್ದಿಸೋಕೆ ಅವರಿಗೆ ಆಗಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಿಂಪ್ (ಫೋಟೋ ತಿದ್ದೋಕೆ), ಇಂಕ್‌ಸ್ಕೇಪ್ (ಗೆರೆ, ಅಕ್ಷರದ ಡಿಸೈನಿಗೆ), ಕ್ರಿಟಾ (ಚಿತ್ರ ಬರೆಯೋಕೆ), ಇಂಥ ಉಚಿತ, ಮುಕ್ತ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವಾಗ ಯಾವುದನ್ನು ಯಾವ ಫಾರ್ಮ್ಯಾಟ್‌ನಲ್ಲಿ ಇಡಬೇಕು, ಬೇರೆಯವರು ಕೊಟ್ಟ ಹಳೇ ಫೈಲ್ ಹೇಗೆ ತೆರೆಯಬೇಕು, ಪ್ರೆಸ್ಸಿಗೆ ಏನು ಕಳಿಸಬೇಕು ಅಂತ ನಾನು ದಿನಾ ಮಾಡುವ ರೀತಿಯನ್ನೇ ಹೇಳುತ್ತೇನೆ.

ಮುಕ್ತ ಯಾವುದು, ಮುಚ್ಚಿದ್ದು ಯಾವುದು

ಫಾರ್ಮ್ಯಾಟ್ ಅಂದರೆ ಚಿತ್ರವನ್ನು ಫೈಲ್ ಒಳಗೆ ಬರೆದಿಡುವ ಕ್ರಮ. ಆ ಕ್ರಮವನ್ನು ಎಲ್ಲರಿಗೂ ಸಿಗುವ ಹಾಗೆ ಪ್ರಕಟ ಮಾಡಿದ್ದಾರೆ, ಯಾರು ಬೇಕಾದರೂ ಅದನ್ನು ಓದುವ ಪ್ರೋಗ್ರಾಂ ಮಾಡಬಹುದು, ಯಾರಿಗೂ ದುಡ್ಡು ಕಟ್ಟಬೇಕಾಗಿಲ್ಲ ಅಂದರೆ ಅದು ಮುಕ್ತ ಫಾರ್ಮ್ಯಾಟ್. ಪಿಎನ್‌ಜಿ, ಎಸ್‌ವಿಜಿ, ಓಪನ್‌ರಾಸ್ಟರ್ ಈ ಸಾಲಿನವು. ಫೋಟೋಶಾಪ್‌ನ ಪಿಎಸ್‌ಡಿ, ಇಲ್ಲಸ್ಟ್ರೇಟರ್‌ನ ಎಐ, ಕೋರೆಲ್‌ಡ್ರಾದ ಸಿಡಿಆರ್ ಆಯಾ ಕಂಪನಿಯ ಸ್ವಂತ ಫಾರ್ಮ್ಯಾಟ್‌ಗಳು. ಇವುಗಳಲ್ಲೂ ವ್ಯತ್ಯಾಸ ಇದೆ. ಪಿಎಸ್‌ಡಿ ಹೇಗಿರುತ್ತದೆ ಅಂತ ಅಡೋಬಿ ಒಂದು ದಾಖಲೆ ಪ್ರಕಟಿಸಿದೆ, ಹಾಗಾಗಿ ಗಿಂಪ್, ಕ್ರಿಟಾ ಎರಡೂ ಅದನ್ನು ಸುಮಾರಾಗಿ ಓದುತ್ತವೆ. ಆದರೆ ಮುಂದೆ ಅದು ಹೇಗಿರಬೇಕು ಅಂತ ತೀರ್ಮಾನ ಮಾಡೋದು ಆ ಕಂಪನಿ ಮಾತ್ರ. ಸಿಡಿಆರ್ ವಿಷಯದಲ್ಲಿ ಮುಕ್ತ ಸಾಫ್ಟ್‌ವೇರ್ ಮಾಡುವವರೇ ಫೈಲ್‌ಗಳನ್ನು ಬಿಚ್ಚಿ, ಒಂದೊಂದು ಬೈಟ್ ಏನು ಹೇಳುತ್ತದೆ ಅಂತ ಹುಡುಕಿ, ಲಿಬ್‌ಸಿಡಿಆರ್ ಅನ್ನೋ ಲೈಬ್ರರಿ ಮಾಡಿದರು. ಇವತ್ತು ಇಂಕ್‌ಸ್ಕೇಪ್ ಮತ್ತು ಲಿಬ್ರೆಆಫೀಸ್ ಡ್ರಾ ಸಿಡಿಆರ್ ಫೈಲ್ ತೆರೆಯುತ್ತವೆ ಅಂದರೆ ಅದು ಅವರ ಶ್ರಮ.

ಮುಚ್ಚಿದ ಫಾರ್ಮ್ಯಾಟ್ ಕೆಟ್ಟದ್ದು, ಅದನ್ನು ಬಳಸುವವರು ತಪ್ಪು ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಬಿ.ಎಚ್. ರಸ್ತೆ ಉದ್ದಕ್ಕೂ ಇರುವ ಎಷ್ಟೋ ಅಂಗಡಿಗಳ ಹೊಟ್ಟೆಪಾಡು ಅದರ ಮೇಲೇ ನಡೆಯುತ್ತಿದೆ, ಕೆಲಸವೂ ಚೆನ್ನಾಗಿ ಆಗುತ್ತದೆ. ನನ್ನ ತಕರಾರು ಒಂದೇ. ನಿಮ್ಮ ಹತ್ತಿರ ಇರುವ ಒಂದೇ ಒಂದು ಮೂಲ ಪ್ರತಿ ಆ ಫಾರ್ಮ್ಯಾಟ್‌ನಲ್ಲಿ ಮಾತ್ರ ಇರಬಾರದು.

ಪಿಎನ್‌ಜಿ ಹುಟ್ಟಿದ ಕಥೆಯನ್ನೇ ನೋಡಿ. 1987ರಲ್ಲಿ ಕಂಪ್ಯೂಸರ್ವ್ ಕಂಪನಿ ಜಿಫ್ ಫಾರ್ಮ್ಯಾಟ್ ತಂದಿತು. ಜನ ಆರಾಮಾಗಿ ಬಳಸುತ್ತಿದ್ದರು. ಅದರೊಳಗೆ ಚಿತ್ರವನ್ನು ಕುಗ್ಗಿಸುವ ಎಲ್‌ಝೆಡ್‌ಡಬ್ಲ್ಯು ಅನ್ನೋ ವಿಧಾನದ ಪೇಟೆಂಟ್ ಯುನಿಸಿಸ್ ಅನ್ನೋ ಇನ್ನೊಂದು ಕಂಪನಿಯ ಹತ್ತಿರ ಇತ್ತು. 1994ರ ಡಿಸೆಂಬರ್ ಕೊನೆಯಲ್ಲಿ, ಜಿಫ್ ಬಳಸುವ ಸಾಫ್ಟ್‌ವೇರ್ ಮಾಡುವವರು ಲೈಸೆನ್ಸ್ ತೆಗೆದುಕೊಳ್ಳಬೇಕು ಅನ್ನೋ ಪ್ರಕಟಣೆ ಬಂತು. ಏಳು ವರ್ಷ ಬಳಸಿದ ಮೇಲೆ ಲೆಕ್ಕ ಕೇಳಿದ ಹಾಗೆ ಆಯಿತು ಅಲ್ವಾ? ಆಗ ಒಂದಷ್ಟು ಪ್ರೋಗ್ರಾಮರ್‌ಗಳು ಸೇರಿ ಯಾರ ಪೇಟೆಂಟೂ ತಾಗದ ಹೊಸ ಫಾರ್ಮ್ಯಾಟ್ ಮಾಡಿದರು, 1996ರ ಅಕ್ಟೋಬರ್‌ನಲ್ಲಿ ಪಿಎನ್‌ಜಿ ಮೊದಲ ಆವೃತ್ತಿ ವೆಬ್‌ನ ಮಾನದಂಡ ಮಾಡುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಗಿ ಹೊರಬಂತು. ಎಲ್‌ಝೆಡ್‌ಡಬ್ಲ್ಯುವಿನ ಅಮೆರಿಕದ ಪೇಟೆಂಟ್ 2003ರಲ್ಲಿ ಮುಗಿಯಿತು. ಅಷ್ಟರಲ್ಲಿ ಪಿಎನ್‌ಜಿ ಎಲ್ಲ ಕಡೆ ನೆಲೆ ಊರಿತ್ತು.

ಒಂದು ಸಲ ಒಳಗೆ ಇಣುಕಿ ನೋಡಿ

ಇದನ್ನು ಓದಿದರೆ ಸಾಲದು, ಕೈಯಾರೆ ಮಾಡಿ ನೋಡಿ. ಇಂಕ್‌ಸ್ಕೇಪ್ ತೆರೆದು ಒಂದು ಕೆಂಪು ವೃತ್ತ ಬರೆಯಿರಿ. ಪಕ್ಕದಲ್ಲಿ ಯುನಿಕೋಡ್ ಫಾಂಟ್‌ನಲ್ಲಿ (ಅದೇನು ಅಂತ ಮುಂದೆ ಹೇಳುತ್ತೇನೆ) "ತುಮಕೂರು" ಅಂತ ಟೈಪ್ ಮಾಡಿ. ಸೇವ್ ಮಾಡಿ ಮುಚ್ಚಿ. ಈಗ ಆ ಎಸ್‌ವಿಜಿ ಫೈಲನ್ನು ನೋಟ್‌ಪ್ಯಾಡ್‌ನಲ್ಲೋ ಬೇರೆ ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲೋ ತೆರೆಯಿರಿ. ಉದ್ದುದ್ದ ಸಾಲುಗಳ ನಡುವೆ ಸರ್ಕಲ್ ಅನ್ನೋ ಪದ ಸಿಗುತ್ತದೆ, ಅದರ ಹತ್ತಿರವೇ ವೃತ್ತದ ನಡುಬಿಂದು ಎಲ್ಲಿದೆ, ತ್ರಿಜ್ಯ ಎಷ್ಟು ಅಂತ ಅಂಕಿಯಲ್ಲಿ ಇರುತ್ತದೆ. ಬಣ್ಣಕ್ಕೆ ಆರು ಅಕ್ಷರದ ಒಂದು ಸಂಕೇತ. ಇನ್ನೂ ಕೆಳಗೆ ಹೋದರೆ "ತುಮಕೂರು" ಅನ್ನೋ ಪದ ಕನ್ನಡದಲ್ಲೇ ಕೂತಿರುತ್ತದೆ. ಅದನ್ನು ಅಲ್ಲೇ "ಗುಬ್ಬಿ" ಅಂತ ತಿದ್ದಿ ಸೇವ್ ಮಾಡಿ, ಮತ್ತೆ ಇಂಕ್‌ಸ್ಕೇಪ್‌ನಲ್ಲಿ ತೆರೆಯಿರಿ. ಚಿತ್ರದಲ್ಲೂ ಗುಬ್ಬಿ ಅಂತ ಆಗಿರುತ್ತದೆ. ಡಿಸೈನ್ ಸಾಫ್ಟ್‌ವೇರ್ ಇಲ್ಲದೆ ಡಿಸೈನ್ ತಿದ್ದಿದಿರಿ. ಆ ತಿಪಟೂರಿನ ಲೇಬಲ್ ಹೀಗೆ ಇದ್ದಿದ್ದರೆ ಫೋನ್ ನಂಬರ್ ಬದಲಾಯಿಸೋಕೆ ನೋಟ್‌ಪ್ಯಾಡ್ ಸಾಕಾಗುತ್ತಿತ್ತು.

ಓಪನ್‌ರಾಸ್ಟರ್ ಫೈಲ್‌ಗೂ ಹೀಗೇ ಮಾಡಬಹುದು. ಕ್ರಿಟಾದಲ್ಲೋ ಗಿಂಪ್‌ನಲ್ಲೋ ಎರಡು ಮೂರು ಲೇಯರ್ (ಒಂದರ ಮೇಲೊಂದು ಇಟ್ಟ ಪದರ) ಇರುವ ಚಿತ್ರ ಮಾಡಿ, ಓಆರ್‌ಎ ಫಾರ್ಮ್ಯಾಟ್‌ನಲ್ಲಿ ಉಳಿಸಿ. ಆ ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಕೊನೆಯ ಓಆರ್‌ಎ ತೆಗೆದು ಜಿಪ್ ಅಂತ ಹಾಕಿ. ಅದು ನಿಜವಾಗಿ ಜಿಪ್ ಫೈಲೇ. ತೆರೆದರೆ ಒಳಗೆ ಒಂದೊಂದು ಲೇಯರ್‌ಗೂ ಒಂದೊಂದು ಪಿಎನ್‌ಜಿ ಚಿತ್ರ, ಯಾವ ಲೇಯರ್ ಮೇಲೆ ಯಾವುದು ಕೆಳಗೆ ಅಂತ ಹೇಳುವ ಒಂದು ಸಣ್ಣ ಎಕ್ಸ್‌ಎಂಎಲ್ ಫೈಲ್, ಎಲ್ಲ ಸೇರಿಸಿದ ಪೂರ್ತಿ ಚಿತ್ರ ಬೇರೆ. ನಾಳೆ ಕ್ರಿಟಾ ಇಲ್ಲ, ಗಿಂಪ್ ಇಲ್ಲ ಅಂದರೂ ನಿಮ್ಮ ಚಿತ್ರ ಎಲ್ಲೂ ಹೋಗುವುದಿಲ್ಲ. ಕ್ರಿಟಾದ ಸ್ವಂತ ಕೆಆರ್‌ಎ ಫೈಲ್ ಕೂಡ ಜಿಪ್ ಆಗಿಯೇ ಇರುತ್ತದೆ, ಅದರೊಳಗೂ ಒಟ್ಟು ಚಿತ್ರದ ಪಿಎನ್‌ಜಿ ಸಿಗುತ್ತದೆ.

ಮೂಲ ಫೈಲ್ ಬೇರೆ, ಕೊಡುವ ಪ್ರತಿ ಬೇರೆ

ನಮ್ಮ ಅಂಗಡಿಗೆ ಕಲಿಯೋಕೆ ಬರುವ ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ. ಮೂಲ ಫೈಲ್ ಅಂದರೆ ಲೇಯರ್, ಅಕ್ಷರ, ಗೆರೆ ಎಲ್ಲ ಬಿಡಿಬಿಡಿಯಾಗಿ ತಿದ್ದುವ ಹಾಗೆ ಇರುವಂಥದ್ದು. ಕೊಡುವ ಪ್ರತಿ ಅಂದರೆ ಪ್ರೆಸ್ಸಿಗೆ, ವಾಟ್ಸ್‌ಆ್ಯಪ್‌ಗೆ, ವೆಬ್‌ಸೈಟಿಗೆ ಹೋಗುವಂಥದ್ದು. ಬೀಜದ ರಾಗಿಯನ್ನು ಯಾರೂ ಮಿಲ್ಲಿಗೆ ಹಾಕಿಸುವುದಿಲ್ಲ. ಇದೂ ಹಾಗೇ.

ಗಿಂಪ್ ಹೊಸದಾಗಿ ಬಳಸುವವರು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. ಸೇವ್ ಕೊಟ್ಟರೆ ಜೆಪೆಗ್ ಆಗುವುದಿಲ್ಲ, ಬರೀ ಎಕ್ಸ್‌ಸಿಎಫ್ ಆಗುತ್ತದೆ, ಯಾಕೆ? 2012ರಲ್ಲಿ ಬಂದ 2.8 ಆವೃತ್ತಿಯಿಂದ ಅವರು ಬೇಕಂತಲೇ ಹಾಗೆ ಮಾಡಿದ್ದಾರೆ. ಸೇವ್ ಅಂದರೆ ಮೂಲ ಫೈಲ್, ಎಕ್ಸ್‌ಪೋರ್ಟ್ ಅಂದರೆ ಕೊಡುವ ಪ್ರತಿ. ಮೊದಮೊದಲು ಕಿರಿಕಿರಿ ಅನ್ನಿಸುತ್ತದೆ, ಆದರೆ ನಲವತ್ತು ಲೇಯರ್‌ನ ಮದುವೆ ಬ್ಯಾನರನ್ನು ಜೆಪೆಗ್ ಮಾಡಿ ಮುಚ್ಚಿ, ಮಾರನೇ ದಿನ "ಹುಡುಗನ ಹೆಸರಲ್ಲಿ ಒಂದು ಒತ್ತು ಬಿಟ್ಟೋಗಿದೆ ಅಣ್ಣ" ಅಂತ ಫೋನ್ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಹಾಗಾದರೆ ಮೂಲವನ್ನು ಯಾವುದರಲ್ಲಿ ಇಡೋದು? ಲೋಗೋ, ಲೇಬಲ್, ವಿಸಿಟಿಂಗ್ ಕಾರ್ಡ್, ಅಂಗಡಿ ಬೋರ್ಡ್, ಲಗ್ನಪತ್ರಿಕೆ, ಅಂದರೆ ಗೆರೆ ಮತ್ತು ಅಕ್ಷರ ಜಾಸ್ತಿ ಇರುವುದೆಲ್ಲ ಇಂಕ್‌ಸ್ಕೇಪ್‌ನಲ್ಲಿ, ಎಸ್‌ವಿಜಿ ಆಗಿ. ಸೇವ್ ಮಾಡುವಾಗ ಇಂಕ್‌ಸ್ಕೇಪ್ ಎಸ್‌ವಿಜಿ, ಪ್ಲೇನ್ ಎಸ್‌ವಿಜಿ ಅಂತ ಎರಡು ಕಾಣಿಸುತ್ತವೆ. ಮೂಲಕ್ಕೆ ಮೊದಲನೆಯದು, ಯಾಕೆಂದರೆ ಲೇಯರ್ ಹೆಸರು, ಗೈಡ್ ಗೆರೆಯಂಥ ಇಂಕ್‌ಸ್ಕೇಪ್‌ನ ಸ್ವಂತ ವಿವರ ಅದರಲ್ಲಿ ಉಳಿಯುತ್ತದೆ. ವೆಬ್‌ಸೈಟ್ ಮಾಡುವವರಿಗೆ ಕೊಡೋಕೆ ಎರಡನೆಯದು.

ಫೋಟೋ ಕೆಲಸ ಗಿಂಪ್‌ನಲ್ಲಿ ಮಾಡಿದರೆ ಎಕ್ಸ್‌ಸಿಎಫ್. ಇಲ್ಲಿ ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳಬೇಕು. ಎಕ್ಸ್‌ಸಿಎಫ್‌ನಲ್ಲಿ ಗುಟ್ಟು ಏನೂ ಇಲ್ಲ, ಗಿಂಪ್‌ನ ಸೋರ್ಸ್ ಕೋಡೇ ಎಲ್ಲರ ಮುಂದಿದೆ. ಆದರೆ ಅದು ಗಿಂಪ್ ತನಗೋಸ್ಕರ ಮಾಡಿಕೊಂಡ ಫಾರ್ಮ್ಯಾಟ್. ಬೇರೆ ಸಾಫ್ಟ್‌ವೇರ್‌ಗಳು ಅದನ್ನು ಪೂರ್ತಿ ಓದುತ್ತವೆ ಅಂತ ನಂಬಿ ಕೂರಬೇಡಿ. 2025ರ ಮಾರ್ಚ್‌ನಲ್ಲಿ ಗಿಂಪ್ 3.0 ಬಂತು. ಅದರ ಹೊಸ ಸೌಲಭ್ಯ ಬಳಸಿ ಉಳಿಸಿದ ಎಕ್ಸ್‌ಸಿಎಫ್, 2.10 ಇರುವ ಹಳೇ ಕಂಪ್ಯೂಟರ್‌ನಲ್ಲಿ ತೆರೆಯುವುದಿಲ್ಲ. ಹಾಗಾಗಿ ಮುಗಿದ ಕೆಲಸಕ್ಕೆ ಎಕ್ಸ್‌ಸಿಎಫ್ ಜೊತೆಗೆ ಒಂದು ಓಆರ್‌ಎ ಕೂಡ ಎಕ್ಸ್‌ಪೋರ್ಟ್ ಮಾಡಿಡಿ. ಓಆರ್‌ಎದಲ್ಲಿ ಅಕ್ಷರದ ಲೇಯರ್ ಬರೀ ಚಿತ್ರವಾಗಿಬಿಡುತ್ತದೆ, ಆಮೇಲೆ ಟೈಪ್ ಮಾಡಿ ತಿದ್ದೋಕೆ ಬರುವುದಿಲ್ಲ. ಆದರೂ ಲೇಯರ್‌ಗಳು ಬೇರೆಬೇರೆಯಾಗಿ ಉಳಿಯುತ್ತವೆ. ಕ್ರಿಟಾದಲ್ಲಿ ಚಿತ್ರ ಬರೆಯುವವರು ಕೆಆರ್‌ಎ ಮತ್ತು ಓಆರ್‌ಎ ಎರಡನ್ನೂ ಇಟ್ಟುಕೊಳ್ಳಲಿ.

ಎಸ್‌ವಿಜಿಯಲ್ಲೂ ತೊಂದರೆ ಬರುವುದೇ ಇಲ್ಲ ಅಂತಲ್ಲ. 2017ರಲ್ಲಿ ಇಂಕ್‌ಸ್ಕೇಪ್ 0.92 ಬಂದಾಗ ಒಂದು ಇಂಚಿಗೆ 90 ಪಿಕ್ಸೆಲ್ ಅನ್ನೋ ಹಳೇ ಲೆಕ್ಕ ಬಿಟ್ಟು, ವೆಬ್‌ನ ನಿಯಮದಂತೆ 96 ಮಾಡಿಕೊಂಡರು. ಹಳೇ ಲೆಕ್ಕದಲ್ಲಿ 100 ಮಿಲಿಮೀಟರ್ ಅಗಲ ಇದ್ದ ಲೇಬಲನ್ನು ಹೊಸ ಲೆಕ್ಕದಲ್ಲಿ ಸುಮ್ನೆ ತೆರೆದರೆ 93.75 ಮಿಲಿಮೀಟರ್ ಆಗುತ್ತದೆ. ಬಾಟ್ಲಿಗೆ ಅಂಟಿಸುವ ಲೇಬಲ್‌ಗೆ ಆರು ಮಿಲಿಮೀಟರ್ ದೊಡ್ಡ ವ್ಯತ್ಯಾಸ. ಹಳೇ ಫೈಲ್ ತೆರೆದಾಗ ಇಂಕ್‌ಸ್ಕೇಪ್ ಇದರ ಬಗ್ಗೆ ಕೇಳುತ್ತದೆ, ಅಲ್ಲಿ ಓದದೆ ಒತ್ತಬೇಡಿ. ಪ್ರಿಂಟಿಗೆ ಹೋಗುವ ಫೈಲ್ ಆದರೆ ಅಳತೆ ಉಳಿಸಿಕೊಳ್ಳುವ ಆಯ್ಕೆ ತೆಗೆದುಕೊಂಡು, ಆಮೇಲೆ ಒಂದು ಸಲ ಅಗಲ ಎಷ್ಟಿದೆ ಅಂತ ನೋಡಿಕೊಳ್ಳಿ. ಲೆಕ್ಕ ಎಲ್ಲಿ ತಪ್ಪಿತು ಅಂತ ಗೊತ್ತಾಗುತ್ತದೆ, ಸರಿ ಮಾಡೋಕೂ ಆಗುತ್ತದೆ. ಫೈಲ್ ಒಳಗಿನ ಅಂಕಿ ಕಣ್ಣಿಗೆ ಕಾಣುವುದರಿಂದ ಸಿಗುವ ಅನುಕೂಲ ಇದು.

ಬೇರೆಯವರ ಫೈಲ್ ಬಂದಾಗ

ಸಿಡಿಆರ್ ಬಂದರೆ ಮೊದಲು ಇಂಕ್‌ಸ್ಕೇಪ್‌ನಲ್ಲಿ ತೆರೆಯಿರಿ. ಆಗಲಿಲ್ಲ ಅಂದರೆ ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ಅಲ್ಲಿಂದ ಎಸ್‌ವಿಜಿ ಅಥವಾ ಪಿಡಿಎಫ್ ಮಾಡಿ. ಗೆರೆ, ಆಕಾರ, ಬಣ್ಣ ಬಹಳಷ್ಟು ಸಲ ಬರುತ್ತವೆ. ನೆರಳು, ಪಾರದರ್ಶಕ ಭಾಗ, ವಿಶೇಷ ಎಫೆಕ್ಟ್‌ಗಳು ಬಿಟ್ಟುಹೋಗಬಹುದು. ಇದಕ್ಕಿಂತ ಒಳ್ಳೆಯದು ಅಂದರೆ ಫೈಲ್ ಕೊಡುವವರನ್ನೇ ಕೇಳೋದು. "ಅಣ್ಣ, ಸಿಡಿಆರ್ ಜೊತೆಗೆ ಒಂದು ಪಿಡಿಎಫ್, ಒಂದು ಎಸ್‌ವಿಜಿ ಕೂಡ ಮಾಡಿಕೊಡಿ" ಅಂದರೆ ಯಾರೂ ಇಲ್ಲ ಅನ್ನೋದಿಲ್ಲ. ಕೋರೆಲ್‌ಡ್ರಾದಲ್ಲಿ ಎರಡೂ ಎಕ್ಸ್‌ಪೋರ್ಟ್ ಮಾಡಬಹುದು, ಎರಡು ನಿಮಿಷದ ಕೆಲಸ. ಅವರು ಅಂಗಡಿ ಮುಚ್ಚುವ ಮುಂಚೆ ಕೇಳಿಕೊಳ್ಳಬೇಕು, ಅಷ್ಟೇ.

ಎಐ ಫೈಲ್ ವಿಷಯ ಸ್ವಲ್ಪ ಸಲೀಸು. 2000ದಲ್ಲಿ ಬಂದ ಇಲ್ಲಸ್ಟ್ರೇಟರ್ 9ರಿಂದ ಈಚೆಗೆ ಎಐ ಫೈಲ್ ಒಳಗೆ ಸಾಮಾನ್ಯವಾಗಿ ಪಿಡಿಎಫ್ ಕೂಡ ಇರುತ್ತದೆ. ಉಳಿಸುವಾಗ ಪಿಡಿಎಫ್ ಹೊಂದಾಣಿಕೆಯ ಆಯ್ಕೆಯನ್ನು ತೆಗೆದುಹಾಕದಿದ್ದರೆ ಇಂಕ್‌ಸ್ಕೇಪ್ ಅದನ್ನು ಪಿಡಿಎಫ್ ಥರಾನೇ ತೆರೆಯುತ್ತದೆ. ತೆರೆಯುವಾಗ ಬರುವ ಕಿಟಕಿಯಲ್ಲಿ ಪಾಪ್ಲರ್ ಮೂಲಕ ಅನ್ನೋ ಆಯ್ಕೆ ಕೊಟ್ಟರೆ ಅಕ್ಷರಗಳು ಆಕಾರಗಳಾಗಿ ಬರುತ್ತವೆ. ಟೈಪ್ ಮಾಡಿ ತಿದ್ದೋಕೆ ಆಗುವುದಿಲ್ಲ, ಆದರೆ ಕನ್ನಡದ ಒತ್ತು, ದೀರ್ಘ ಎಲ್ಲ ಇದ್ದ ಜಾಗದಲ್ಲೇ ಇರುತ್ತವೆ. ಕನ್ನಡ ಇರುವ ಪಿಡಿಎಫ್‌ಗೆ ನಾನು ಇದನ್ನೇ ಮಾಡೋದು. ಬದಲಾಯಿಸಬೇಕಾದ ಒಂದು ಸಾಲನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿದರಾಯಿತು.

ಪಿಎಸ್‌ಡಿಯನ್ನು ಗಿಂಪ್‌ನಲ್ಲೂ ಕ್ರಿಟಾದಲ್ಲೂ ಎರಡರಲ್ಲೂ ತೆರೆದು ನೋಡಿ. ಲೇಯರ್‌ಗೆ ನೆರಳು, ಅಂಚು ಕೊಟ್ಟಿದ್ದರೆ ಕ್ರಿಟಾ ಚೆನ್ನಾಗಿ ತೋರಿಸುತ್ತದೆ. ಅಕ್ಷರದ ಲೇಯರ್‌ಗಳು ಗಿಂಪ್‌ನಲ್ಲಿ ಬಹಳಷ್ಟು ಸಲ ಚಿತ್ರವಾಗಿ ಬರುತ್ತವೆ. ಯಾವುದರಲ್ಲಿ ಸರಿ ಕಾಣುತ್ತದೋ ಅದರಲ್ಲೇ ಕೆಲಸ ಶುರು ಮಾಡಿ, ತಕ್ಷಣ ಎಕ್ಸ್‌ಸಿಎಫ್ ಅಥವಾ ಕೆಆರ್‌ಎ ಆಗಿ ಉಳಿಸಿಕೊಳ್ಳಿ. ಬಂದ ಪಿಎಸ್‌ಡಿ ಮೇಲೆ ಮಾತ್ರ ಮತ್ತೆ ಬರೆಯಬೇಡಿ, ಅದು ಬಂದ ಹಾಗೇ ಇರಲಿ. ಕ್ಯಾಮೆರಾ ಸಂಸ್ಕರಿಸದೆ ಕೊಡುವ ರಾ ಫೈಲ್‌ಗಳಿಗೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಇದೆ. ಐಫೋನ್‌ನ ಹೆಚ್‌ಇಐಸಿ ಫೋಟೋವನ್ನು ಈಗಿನ ಗಿಂಪ್ ನೇರವಾಗಿ ತೆರೆಯುತ್ತದೆ.

ಕನ್ನಡ ಅಕ್ಷರ: ನಿಜವಾದ ಬೀಗ ಇಲ್ಲಿದೆ

ಫಾರ್ಮ್ಯಾಟ್ ಎಷ್ಟೇ ಮುಕ್ತ ಆಗಿರಲಿ, ಒಳಗಿನ ಕನ್ನಡ ಹಳೇ ಫಾಂಟ್‌ನಲ್ಲಿ ಇದ್ದರೆ ಏನೂ ಪ್ರಯೋಜನ ಇಲ್ಲ. ನಮ್ಮ ಕಡೆಯ ಅಂಗಡಿಗಳಲ್ಲಿ ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟ್‌ಗಳಲ್ಲಿ ಮಾಡಿದ ಸಾವಿರಾರು ಫೈಲ್ ಬಿದ್ದಿವೆ. ಆ ಕಾಲಕ್ಕೆ ಅವು ಕನ್ನಡಕ್ಕೆ ಮಾಡಿದ ಉಪಕಾರ ಚಿಕ್ಕದಲ್ಲ. ಆದರೆ ಅವು ಕೆಲಸ ಮಾಡುತ್ತಿದ್ದ ರೀತಿ ಹೀಗೆ: ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಇದ್ದ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫೈಲ್ ಒಳಗೆ ಇರೋದು ಇಂಗ್ಲಿಷ್ ಅಕ್ಷರವೇ, ಫಾಂಟ್ ಅದರ ಮೇಲೆ ಕನ್ನಡದ ಮುಖ ತೋರಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಹೋದ ತಕ್ಷಣ ಆ ಮುಖ ಕಳಚಿಬೀಳುತ್ತದೆ. ನನ್ನ ತಿಪಟೂರಿನ ಲೇಬಲ್‌ಗೆ ಆದದ್ದು ಅದೇ.

ಹೊಸ ಕೆಲಸವನ್ನು ಯುನಿಕೋಡ್‌ನಲ್ಲೇ ಮಾಡಿ. ಯುನಿಕೋಡ್‌ನಲ್ಲಿ ಕನ್ನಡದ "ಕ"ಗೆ ಅದರದ್ದೇ ಆದ ಸಂಖ್ಯೆ ಇದೆ. ಫಾಂಟ್ ಬದಲಾದರೆ ಅಕ್ಷರದ ಚೆಂದ ಬದಲಾಗಬಹುದು, ಪದ ಹಾಳಾಗುವುದಿಲ್ಲ. ಇಂಕ್‌ಸ್ಕೇಪ್, ಗಿಂಪ್, ಕ್ರಿಟಾ, ಪುಟ ಜೋಡಿಸುವ ಸ್ಕ್ರೈಬಸ್ ಇವುಗಳ ಈಗಿನ ಆವೃತ್ತಿಗಳು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತವೆ. ಫಾಂಟ್ ಕೂಡ ಮುಕ್ತ ಪರವಾನಗಿಯದ್ದು ಬೇಕಾದಷ್ಟಿವೆ: ನೋಟೋ ಸಾನ್ಸ್ ಕನ್ನಡ, ಬೋರ್ಡಿಗೆ ದಪ್ಪ ಅಕ್ಷರ ಬೇಕಾದರೆ ಬಾಲೂ ತಮ್ಮ, ತೆಳುವಿನಿಂದ ದಪ್ಪದವರೆಗೆ ಎಲ್ಲ ಬೇಕಾದರೆ ಅನೇಕ್ ಕನ್ನಡ, ಹಗುರವಾಗಿ ಬೇಕಾದರೆ ನವಿಲು, ಗುಬ್ಬಿ. ಮುಕ್ತ ಫಾಂಟ್ ಆದರೆ ಗಿರಾಕಿಗೆ ಫೈಲ್ ಜೊತೆಗೆ ಫಾಂಟನ್ನೂ ಧೈರ್ಯವಾಗಿ ಕೊಡಬಹುದು. ಇದು ತುಂಬಾ ದೊಡ್ಡ ವಿಷಯ, ಎಷ್ಟೋ ಜನ ಯೋಚಿಸುವುದೇ ಇಲ್ಲ.

ಹಳೇ ಫಾಂಟ್‌ನ ಬರಹ ಸಿಕ್ಕಿದರೆ ಆ ಅಡ್ಡಾದಿಡ್ಡಿ ಅಕ್ಷರಗಳನ್ನೇ ಕಾಪಿ ಮಾಡಿ, ಯುನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕದಲ್ಲಿ ಹಾಕಿ. ನುಡಿ, ಬರಹದ ಅಕ್ಷರಗಳಿಗೆ ಇಂಥವು ಸುಲಭವಾಗಿ ಸಿಗುತ್ತವೆ. ಆಮೇಲೆ ಕೂತು ಓದಿ. ಅರ್ಕಾವತ್ತು, ಎರಡೆರಡು ಒತ್ತು ಇರುವ ಪದಗಳು, ಅಂಕಿಗಳು, ಈ ಮೂರು ಕಡೆ ಕಣ್ಣಿಟ್ಟು ನೋಡಿ. "ಅಧ್ಯಕ್ಷರು", "ಕಾರ್ಯದರ್ಶಿ", "ರಾಷ್ಟ್ರ", ಇಂಥ ಪದ ಸರಿಯಾಗಿ ಬಂದರೆ ಮಿಕ್ಕದ್ದು ಬಹುತೇಕ ಸರಿ ಇರುತ್ತದೆ.

ಪ್ರೆಸ್ಸಿಗೆ ಕಳಿಸುವಾಗ ಅಕ್ಷರಗಳನ್ನು ಪಾಥ್ ಮಾಡಬೇಕು. ಇಂಕ್‌ಸ್ಕೇಪ್‌ನಲ್ಲಿ ಎಲ್ಲ ಆರಿಸಿಕೊಂಡು ಪಾಥ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾಥ್ ಒತ್ತಿದರೆ ಅಕ್ಷರಗಳು ಬರೀ ಗೆರೆಗಳಾಗುತ್ತವೆ, ಅಲ್ಲಿ ಫಾಂಟ್ ಇಲ್ಲದಿದ್ದರೂ ಪರವಾಗಿಲ್ಲ. ಆದರೆ ಮೊದಲು ಸೇವ್ ಆ್ಯಸ್ ಕೊಟ್ಟು ಹೊಸ ಹೆಸರು ಇಡಿ. ಹೆಸರಿನ ಕೊನೆಗೆ "ಪ್ರೆಸ್" ಅಂತ ಸೇರಿಸಿ. ಮೂಲ ಫೈಲ್‌ನಲ್ಲೇ ಪಾಥ್ ಮಾಡಿ ಉಳಿಸಿದರೆ ನಮ್ಮ ಫೈಲಿಗೆ ನಾವೇ ಬೀಗ ಹಾಕಿ ಕೀಲಿ ಬಾವಿಗೆ ಎಸೆದ ಹಾಗೆ.

ಜೆಪೆಗ್ ಯಾವಾಗ, ಪಿಎನ್‌ಜಿ ಯಾವಾಗ

ಜೆಪೆಗ್ 1992ರಿಂದ ಇರುವ ಮಾನದಂಡ, ತೆರೆಯದ ಕಂಪ್ಯೂಟರ್ ಇಲ್ಲ. ತಕರಾರು ಬೀಗದ್ದಲ್ಲ, ಸವಕಳಿಯದ್ದು. ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ಮಾಡಿಕೊಂಡು, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರವನ್ನು ಬಿಸಾಡಿ ಗಾತ್ರ ಕಡಿಮೆ ಮಾಡುತ್ತದೆ. ಫೋಟೋಗೆ ಇದು ಸರಿ. ಲೋಗೋಗೆ ಸರಿಯಲ್ಲ. ಬಿಳಿ ಹಿನ್ನೆಲೆಯಲ್ಲಿ ಕೆಂಪು ಕನ್ನಡ ಅಕ್ಷರ ಇರುವ ಜೆಪೆಗ್ ತೆರೆದು 800 ಪರ್ಸೆಂಟ್ ಹಿಗ್ಗಿಸಿ ನೋಡಿ. ಅಕ್ಷರದ ಸುತ್ತ ಧೂಳು ಕೂತ ಹಾಗೆ ಕಾಣುತ್ತದೆ, "ಷ್ಟ್ರ"ದಂಥ ಒತ್ತುಗಳ ಸಂದಿಯಲ್ಲಿ ಇನ್ನೂ ಜಾಸ್ತಿ. ತಿದ್ದಿ ತಿದ್ದಿ ಜೆಪೆಗ್ ಆಗಿಯೇ ಉಳಿಸುತ್ತಾ ಹೋದರೆ ಆ ಧೂಳು ಹೆಚ್ಚುತ್ತದೆ. ಪಿಎನ್‌ಜಿಯಲ್ಲಿ ಒಂದು ಪಿಕ್ಸೆಲ್ಲೂ ಕಳೆಯುವುದಿಲ್ಲ, ಹಿನ್ನೆಲೆ ಪಾರದರ್ಶಕವಾಗಿಯೂ ಇಡಬಹುದು. ಹಾಗಾಗಿ ಫೋಟೋಗೆ ಜೆಪೆಗ್, ಅಕ್ಷರ ಮತ್ತು ಲೋಗೋಗೆ ಪಿಎನ್‌ಜಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಕುಗ್ಗುವುದಿಲ್ಲ.

ಫ್ಲೆಕ್ಸ್, ಆಫ್‌ಸೆಟ್

ಫ್ಲೆಕ್ಸ್ ಪ್ರಿಂಟ್ ಹಾಕುವವರು ಸಿಡಿಆರ್ ಕೇಳಿದರೂ ಅವರಿಗೆ ನಿಜವಾಗಿ ಬೇಕಿರೋದು ಪ್ರಿಂಟಿಗೆ ಕಳಿಸೋಕೆ ಆಗುವ ಚಿತ್ರ. ಟಿಫ್ ಕೊಟ್ಟರೆ ಬಹುತೇಕ ಎಲ್ಲರೂ ತೆಗೆದುಕೊಳ್ಳುತ್ತಾರೆ, ಪಿಡಿಎಫ್ ಕೂಡ ನಡೆಯುತ್ತದೆ. ಆರು ಅಡಿ ಅಗಲ, ಮೂರು ಅಡಿ ಎತ್ತರದ ಬ್ಯಾನರ್ ಇಂಚಿಗೆ 100 ಪಿಕ್ಸೆಲ್‌ನಂತೆ 7200 ಅಗಲ, 3600 ಎತ್ತರ ಆಗುತ್ತದೆ. ದೂರದಿಂದ ನೋಡುವ ಬ್ಯಾನರಿಗೆ ಅಷ್ಟು ಸಾಕು. ಇದನ್ನೇ 300ರಲ್ಲಿ ಮಾಡಿದರೆ ಪಿಕ್ಸೆಲ್ ಒಂಬತ್ತು ಪಟ್ಟು ಆಗಿ ಕಂಪ್ಯೂಟರ್ ಒದ್ದಾಡುತ್ತದೆ, ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಕೈಯಲ್ಲಿ ಹಿಡಿದು ನೋಡುವ ಲಗ್ನಪತ್ರಿಕೆಗೆ ಮಾತ್ರ 300 ಬೇಕೇ ಬೇಕು. ಐದು ಇಂಚು ಅಗಲ, ಏಳು ಇಂಚು ಎತ್ತರದ ಕಾರ್ಡ್ ಅಂದರೆ 1500, 2100 ಪಿಕ್ಸೆಲ್.

ಆಫ್‌ಸೆಟ್‌ಗೆ ಸಿಎಂವೈಕೆ, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಅನ್ನೋ ನಾಲ್ಕು ಶಾಯಿಯ ಬಣ್ಣ ಬೇಕು. ಇಂಕ್‌ಸ್ಕೇಪ್ ಮುಖ್ಯವಾಗಿ ಆರ್‌ಜಿಬಿಯಲ್ಲಿ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ) ಕೆಲಸ ಮಾಡುತ್ತದೆ, ಅದಕ್ಕೆ ನಾನು ಎಸ್‌ವಿಜಿಯನ್ನು ಸ್ಕ್ರೈಬಸ್‌ಗೆ ತಂದು ಅಲ್ಲಿಂದ ಪಿಡಿಎಫ್ ಮಾಡುತ್ತೇನೆ. ತರುವ ಮುಂಚೆ ಅಕ್ಷರ ಪಾಥ್ ಆಗಿರಲಿ. ಸ್ಕ್ರೈಬಸ್‌ನ ಬಣ್ಣಗಳ ಪಟ್ಟಿ ತೆರೆದು ಒಂದೊಂದನ್ನೂ ಸಿಎಂವೈಕೆಗೆ ಬದಲಾಯಿಸಿ. ಮುಖ್ಯವಾಗಿ ಕಪ್ಪು. ಸಣ್ಣ ಅಕ್ಷರದ ಕಪ್ಪು ಬರೀ ಕೆ (ಕಪ್ಪು ಶಾಯಿ) 100 ಇರಬೇಕು, ಮಿಕ್ಕ ಮೂರು ಸೊನ್ನೆ. ಇಲ್ಲ ಅಂದರೆ ನಾಲ್ಕು ಬಣ್ಣ ಒಂದರ ಮೇಲೊಂದು ಬಿದ್ದು, ಪ್ಲೇಟ್ ಕೂದಲಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ಅಂಚು ಕಾಣುತ್ತದೆ. ಪಿಡಿಎಫ್ ಬಗ್ಗೆ ಹೆದರಬೇಡಿ. ಅಡೋಬಿಯಲ್ಲೇ ಹುಟ್ಟಿದರೂ 2008ರಿಂದ ಅದು ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡ.

ಒಂದು ಎಚ್ಚರಿಕೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಗೆ ಒಂದು ಯುವಕ ಸಂಘಕ್ಕೆ ಬ್ಯಾನರ್ ಮಾಡಿಕೊಟ್ಟಿದ್ದೆ. ಮುಂದಿನ ವರ್ಷ ಇಸವಿ ಬದಲಾಯಿಸೋಣ ಅಂತ ಅದೇ ಎಸ್‌ವಿಜಿ ತೆರೆದರೆ ಬೆಟ್ಟದ ಫೋಟೋ ಇದ್ದ ಜಾಗದಲ್ಲಿ ಚಿತ್ರ ಸಿಗಲಿಲ್ಲ ಅನ್ನೋ ಖಾಲಿ ಚೌಕ. ಫೋಟೋ ಸೇರಿಸುವಾಗ ಲಿಂಕ್ (ಫೋಟೋ ಎಲ್ಲಿದೆ ಅನ್ನೋ ವಿಳಾಸ ಮಾತ್ರ) ಅಂತ ಕೊಟ್ಟಿದ್ದೆ, ಆಮೇಲೆ ಜಾಗ ಸಾಲದೆ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿದ್ದೆ. ಮೂಲ ಎಸ್‌ವಿಜಿ ಇದ್ದರೂ ಅರ್ಧ ಬ್ಯಾನರ್ ಹೋಗಿತ್ತು. ಚಿತ್ರ ಸೇರಿಸುವಾಗ ಇಂಕ್‌ಸ್ಕೇಪ್ ಕೇಳಿದರೆ ಎಂಬೆಡ್ (ಫೋಟೋವನ್ನೇ ಫೈಲ್ ಒಳಗೆ ಸೇರಿಸೋದು) ಅಂತಲೇ ಕೊಡಿ. ಲಿಂಕ್ ಆಗಿಬಿಟ್ಟಿದ್ದರೆ ಎಕ್ಸ್‌ಟೆನ್ಷನ್ಸ್ ಮೆನುವಿನ ಇಮೇಜಸ್‌ನಲ್ಲಿ ಎಂಬೆಡ್ ಮಾಡುವ ಆಯ್ಕೆ ಇದೆ. ಫೈಲ್ ದಪ್ಪ ಆಗುತ್ತದೆ, ಆಗಲಿ.

ಗಿರಾಕಿಗೆ ಏನು ಕೊಡಬೇಕು

ಕೆಲಸ ಮುಗಿದ ಮೇಲೆ ನಾನು ಪ್ರತಿ ಗಿರಾಕಿಗೂ ಒಂದು ಫೋಲ್ಡರ್ ಕೊಡುತ್ತೇನೆ. ಅದರಲ್ಲಿ ತಿದ್ದುವಂಥ ಎಸ್‌ವಿಜಿ, ಪಾಥ್ ಮಾಡಿದ ಪಿಡಿಎಫ್, ಫೋನಿನಲ್ಲಿ ನೋಡೋಕೆ ಒಂದು ಪಿಎನ್‌ಜಿ, ಬಳಸಿದ ಫಾಂಟ್ ಅದರ ಪರವಾನಗಿ ಫೈಲ್ ಸಮೇತ, ಮತ್ತೆ ಬಣ್ಣಗಳ ಸಂಖ್ಯೆ, ಲೇಬಲ್ ಅಳತೆ ಬರೆದ ಒಂದು ಸಣ್ಣ ಟೆಕ್ಸ್ಟ್ ಫೈಲ್. ಹೆಸರಿನಲ್ಲಿ ವರ್ಷ ಇರುತ್ತದೆ. "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಅಂತ ಇಡಬೇಡಿ, ಮೂರು ತಿಂಗಳಾದ ಮೇಲೆ ಯಾವುದು ಅಂತ ಗೊತ್ತಾಗುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ, ಅವರದೇ ಈಮೇಲ್‌ಗೆ ಒಂದು ಪ್ರತಿ.

ಮೂಲ ಫೈಲ್ ಕೊಟ್ಟರೆ ಗಿರಾಕಿ ಬೇರೆ ಅಂಗಡಿಗೆ ಹೋಗಿಬಿಡುತ್ತಾರೆ ಅಂತ ನಮ್ಮ ಲೈನಿನಲ್ಲಿ ತುಂಬಾ ಜನ ಹೆದರುತ್ತಾರೆ. ನನ್ನ ಅನುಭವ ಬೇರೆ. ಫೋಲ್ಡರ್ ಕೊಟ್ಟವರು ಮತ್ತೆ ನನ್ನ ಹತ್ತಿರಾನೇ ಬಂದಿದ್ದಾರೆ, ಜೊತೆಗೆ ಅವರ ಭಾವನನ್ನೂ ಪಕ್ಕದ ಅಂಗಡಿಯವರನ್ನೂ ಕರೆತಂದಿದ್ದಾರೆ.

ಇನ್ನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಆಯುಧಪೂಜೆ ದಿನ ಕಂಪ್ಯೂಟರ್, ಪ್ರಿಂಟರ್ ಒರೆಸಿ ಕುಂಕುಮ ಇಟ್ಟ ಮೇಲೆ ಹಳೇ ವರ್ಷಗಳ ಫೋಲ್ಡರ್‌ಗಳಿಂದ ಹತ್ತು ಫೈಲ್ ಆರಿಸಿ ತೆರೆದು ನೋಡುತ್ತೇನೆ. ತೆರೆಯದೇ ಇದ್ದದ್ದು, ಫಾಂಟ್ ಬಿಟ್ಟುಹೋದದ್ದು, ಅಳತೆ ಬದಲಾದದ್ದು ಸಿಕ್ಕಿದರೆ ಅಲ್ಲೇ ಸರಿ ಮಾಡಿಡುತ್ತೇನೆ. ಈ ಸಲ ಹಾಗೆ ನೋಡುತ್ತಿರುವಾಗಲೇ ತಿಪಟೂರಿನವರು ಫೋನ್ ಮಾಡಿದರು. ಅರ್ಧ ಲೀಟರ್ ಬಾಟ್ಲಿಗೆ ಅದೇ ಲೇಬಲ್ ಚಿಕ್ಕದಾಗಿ ಬೇಕಂತೆ. ಫೈಲ್ ಹೇಗೂ ಮುಂದೆ ತೆರೆದೇ ಇತ್ತು, ಅಗಲ ಬದಲಾಯಿಸಿ, ಲೀಟರ್ ತಿದ್ದಿ, ಪೂಜೆಯ ಮಂಡಕ್ಕಿ ಹಂಚಿ ಮುಗಿಸುವಷ್ಟರಲ್ಲಿ ಪಿಡಿಎಫ್ ಕಳಿಸಿದೆ.